ನಿಮಗಿದು ಗೊತ್ತೆ? ಮಾವಿನ ನಾಡಿನಲ್ಲಿ ನೆನಪಿನ ಅಳತೆ

ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಹಳ್ಳಿಗರ ನೆನಪಿನ ಶಕ್ತಿಯನ್ನೂ ಅಳೆಯಲಾಗುತ್ತಿದೆ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಈ ಅಧ್ಯಯನ ಆರಂಭಿಸಿತು. 45 ವರ್ಷ ತುಂಬಿದ 10,000 ಮಂದಿಯನ್ನು ವರ್ಷಗಟ್ಟಲೆ ಗಮನಿಸುವುದು ಗುರಿ. ನೆನಪಿನ ಪರೀಕ್ಷೆ, ರಕ್ತಪರೀಕ್ಷೆ, ಮಿದುಳಿನ ಎಂಆರ್‌ಐ ಎಲ್ಲವೂ ಇದರಲ್ಲಿವೆ.

ಊಟಕ್ಕೂ ನೆನಪಿಗೂ ನಂಟಿದೆ. ಬಿ12 ಜೀವಸತ್ವ ತೀರಾ ಕಡಿಮೆಯಾದರೆ ಮರೆವು ಕಾಡಬಹುದು. ರಾಗಿ ಮುದ್ದೆ, ಸೊಪ್ಪಿನ ಸಾರಿನಲ್ಲಿ ಈ ಸತ್ವ ಸಿಗದು. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಸಿಗುತ್ತದೆ. ಕೊರತೆಯನ್ನು ರಕ್ತಪರೀಕ್ಷೆಯಿಂದ ತಿಳಿಯಬಹುದು. ಬೇಗ ಚಿಕಿತ್ಸೆ ಪಡೆದರೆ ಇಂಥ ಮರೆವು ಎಷ್ಟೋ ಜನರಲ್ಲಿ ತಗ್ಗುತ್ತದೆ.