‘ವಿಟ್ಲಿಂಗ್’: ನೌಕಾಪಡೆಯ ಉಗ್ರಾಣ ಪದವೊಂದರ ಅರ್ಥ ಮತ್ತು ಬಳಕೆ

ನೌಕಾಪಡೆಯ ಟೆಂಡರ್ ಪ್ರಕಟಣೆಗಳಲ್ಲಿ ‘ಬೇಸ್ ವಿಕ್ಚುಅಲಿಂಗ್ ಯಾರ್ಡ್’ ಎಂಬ ಕಚೇರಿಯ ಹೆಸರು ಆಗಾಗ್ಗೆ ಕಾಣಿಸಿಕೊಳ್ಳುತ್ತದೆ. ‘ಯಾರ್ಡ್’ ಎಂದೊಡನೆ ಹಡಗು ಕಟ್ಟುವ ಸ್ಥಳವೆಂದು ಭಾವಿಸುವುದು ಸಹಜ. ವಾಸ್ತವವಾಗಿ ಅದೊಂದು ಉಗ್ರಾಣ. ಸಕ್ಕರೆ, ಬೆಲ್ಲ, ಅಕ್ಕಿಯ ವಹಿವಾಟಿನಲ್ಲಿ ತೊಡಗಿರುವ ಮಂಡ್ಯ, ಮದ್ದೂರು, ಮಳವಳ್ಳಿಗಳ ವರ್ತಕರು ಹಾಗೂ ಸಣ್ಣ ಉದ್ಯಮಿಗಳು ಈ ಪದವನ್ನು ಅರಿತಿರುವುದು ಉಪಯುಕ್ತ.

ಅಕ್ಷರದಂತೆ ‘ವಿಕ್ಚುಅಲಿಂಗ್’ ಎಂದು ಓದಬೇಕೆನಿಸಿದರೂ ರೂಢಿಯ ಉಚ್ಚಾರಣೆ ‘ವಿಟ್ಲಿಂಗ್’. ಲ್ಯಾಟಿನ್ ಮೂಲದ ಈ ಪದಕ್ಕೆ ಆಹಾರ ಸಾಮಗ್ರಿ ಒದಗಿಸುವುದೆಂದು ಅರ್ಥ. ಇಂಗ್ಲೆಂಡಿನಲ್ಲಿ 1683ರಲ್ಲಿ ಇದಕ್ಕೆಂದೇ ಪ್ರತ್ಯೇಕ ಮಂಡಳಿ ರಚನೆಯಾಗಿ, 1832ರವರೆಗೆ ನಡೆಯಿತು. ಕೊಳ್ಳುವುದಷ್ಟೇ ಅಲ್ಲದೆ ಕಾಪಿಡುವುದು, ಹಡಗಿಗೆ ತುಂಬಿಸುವುದು, ಲೆಕ್ಕ ಒಪ್ಪಿಸುವುದೂ ಈ ಪದದ ವ್ಯಾಪ್ತಿಗೆ ಸೇರಿದವು.

ಲೆಕ್ಕದ ವಿಷಯದಲ್ಲಿ ನಮ್ಮ ಬೆಲ್ಲದ ಮಂಡಿಯವರಿಗೆ ಅಪರಿಚಿತವಲ್ಲದ ಸಂಗತಿಯೊಂದಿದೆ. ಹಡಗಿನ ಉಗ್ರಾಣಿಕನಾದ ‘ಪರ್ಸರ್’, ಸೋರಿಕೆ ಮತ್ತು ಸವಕಳಿಯ ಹೆಸರಿನಲ್ಲಿ ಪ್ರತಿ ಪೌಂಡಿಗೆ ಎಂಟರಲ್ಲೊಂದು ಭಾಗ ಮುರಿದುಕೊಂಡು, 16 ಔನ್ಸಿನ ಬದಲು 14 ಔನ್ಸ್ ಅಳೆದುಕೊಡುತ್ತಿದ್ದನು. ಇದಕ್ಕೆ ‘ಪರ್ಸರನ ಪೌಂಡ್’ ಎಂದೇ ಹೆಸರಾಯಿತು. 1797ರಲ್ಲಿ ಸ್ಪಿಟ್‌ಹೆಡ್‌ನಲ್ಲಿ ನಾವಿಕರು ದಂಗೆಯೆದ್ದಾಗ, ವೇತನ ಹೆಚ್ಚಳದೊಡನೆ ಪೂರ್ಣ 16 ಔನ್ಸಿನ ತೂಕವೂ ಅವರ ಬೇಡಿಕೆಯಾಗಿತ್ತು. ಅದನ್ನು ಸರ್ಕಾರ ಒಪ್ಪಬೇಕಾಯಿತು. ಮಳೆಗಾಲದಲ್ಲಿ ನೀರೊಡೆಯುವ ಅಚ್ಚುಬೆಲ್ಲದ ನಷ್ಟ ಯಾರ ಪಾಲಿಗೆ ಎಂಬ ಪ್ರಶ್ನೆಯೂ ಇದೇ ಜಾತಿಯದು.

ಭಾರತೀಯ ನೌಕಾಪಡೆಯಲ್ಲಿಯೂ ಈ ಹಳೆಯ ಹೆಸರು ಉಳಿದುಬಂದಿದೆ. ಮುಂಬಯಿ, ಕೊಚ್ಚಿ, ವಿಶಾಖಪಟ್ಟಣಗಳಲ್ಲಿ ಇಂತಹ ಯಾರ್ಡುಗಳಿವೆ. ನೌಕಾ ಪ್ರಧಾನ ಕಚೇರಿಯಲ್ಲಿ ‘ಕ್ಲೋದಿಂಗ್ ಅಂಡ್ ವಿಕ್ಚುಅಲಿಂಗ್’ ನಿರ್ದೇಶನಾಲಯವಿದೆ. ಅಂದರೆ ಆಹಾರದೊಂದಿಗೆ ಉಡುಪೂ ಇದೇ ಶಾಖೆಯ ಹೊಣೆ. ಆದ್ದರಿಂದ ಗೆಜ್ಜಲಗೆರೆ, ಸೋಮನಹಳ್ಳಿ ಭಾಗದ ಸಿದ್ಧ ಉಡುಪು ಘಟಕಗಳಿಗೂ ಇದು ಸಂಬಂಧಿಸಿದ ಪದವೇ ಆಗಿದೆ. ಆದರೆ 2005ರಲ್ಲಿ ಕಾರವಾರದಲ್ಲಿ ಕಾರ್ಯಾರಂಭ ಮಾಡಿದ ಐಎನ್‌ಎಸ್ ಕದಂಬ ನೆಲೆಗೆ ಸಂಬಂಧಿಸಿದಂತೆ ಕಾಣಸಿಗುವ ‘ಮೆಟೀರಿಯಲ್ ಆರ್ಗನೈಸೇಶನ್’ ಬೇರೆಯೇ. ಅದು ಬಿಡಿಭಾಗ ಮತ್ತು ತಾಂತ್ರಿಕ ಸಾಮಗ್ರಿಗಳ ಕಚೇರಿ. ತೂಬಿನಕೆರೆಯ ಲೋಹ ಕೆಲಸದ ಘಟಕ ಗಮನಿಸಬೇಕಾದುದು ಇದನ್ನು.

ಸಕ್ಕರೆ, ಬೇಳೆಗಳಂತಹ ಒಣ ಪಡಿತರದ ಬಹುಪಾಲು ಖರೀದಿ ಕೇಂದ್ರೀಕೃತವಾಗಿಯೇ ನಡೆಯುವುದರಿಂದ, ಯಾರ್ಡಿನ ಟೆಂಡರುಗಳಲ್ಲಿ ಮಂಡ್ಯದ ಸಕ್ಕರೆಗೆ ದೊಡ್ಡ ಅವಕಾಶವನ್ನು ನಿರೀಕ್ಷಿಸುವುದು ಜಾಣತನವಲ್ಲ. ಇತರ ಸಾಮಗ್ರಿಗಳಿಗೆ ಜೆಮ್ ತಾಣವನ್ನೂ ರಕ್ಷಣಾ ಸಚಿವಾಲಯದ ಇ-ಟೆಂಡರ್ ತಾಣವನ್ನೂ ನೋಡುತ್ತಿರಬೇಕು. 2012ರ ಸಾರ್ವಜನಿಕ ಖರೀದಿ ನೀತಿಯನ್ವಯ ಕಿರು ಮತ್ತು ಸಣ್ಣ ಘಟಕಗಳಿಗೆ ವಾರ್ಷಿಕ ಖರೀದಿಯ ಶೇ. 25ರ ಗುರಿಯಿದ್ದು, ಮುಂಗಡ ಠೇವಣಿಯಿಂದ ವಿನಾಯಿತಿಯೂ ಉಂಟು. ಇಲ್ಲಿಯೇ ಅನೇಕರು ಎಡವುವುದು: 2021ರಿಂದ ವರ್ತಕರಿಗೂ ಉದ್ಯಮ್ ನೋಂದಣಿ ದೊರೆಯುತ್ತಿದ್ದರೂ, ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತ. ಒಂದೇ ಬೆಲ್ಲವನ್ನು ತಯಾರಕ ಘಟಕವೆಂದು ನೋಂದಾಯಿಸಿಕೊಂಡ ಆಲೆಮನೆ ಮಾರಿದರೆ ವಿನಾಯಿತಿಯುಂಟು; ಮಂಡಿಯ ವರ್ತಕ ಮಾರಿದರೆ ಇಲ್ಲ. ನೋಂದಣಿ ಪತ್ರವೊಂದನ್ನೇ ನಂಬಿ ಠೇವಣಿಯಿಲ್ಲದೆ ಟೆಂಡರ್ ಸಲ್ಲಿಸುವ ವರ್ತಕ ಮೊದಲ ಹಂತದಲ್ಲಿಯೇ ತಿರಸ್ಕೃತನಾಗಬಹುದು.

ತಯಾರಕರಿಗೆ 2006ರ ಅಧಿನಿಯಮದ ರಕ್ಷಣೆಯೂ ಇದೆ. ಹಣ ಪಾವತಿಯ ಅವಧಿ 45 ದಿನಗಳನ್ನು ಮೀರುವಂತಿಲ್ಲ; ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಬೇಕು. ಈ ದಿನಗಣನೆ ಲಾರಿ ಮಂಡ್ಯ ಬಿಟ್ಟ ದಿನದಿಂದಲ್ಲ, ಸರಕು ಯಾರ್ಡಿಗೆ ಒಪ್ಪಿಸಿದ ದಿನದಿಂದ. ಕೊಳ್ಳುವವರು 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿದಲ್ಲಿ, ಅದು ಪರಿಹಾರವಾದ ದಿನದಿಂದ ಎಣಿಕೆ ಆರಂಭವಾಗುತ್ತದೆ. ಆದಕಾರಣ ತೂಕ ಮತ್ತು ದಿನಾಂಕ ನಮೂದಾದ ಸ್ವೀಕೃತಿ ಚೀಟಿಯನ್ನು ಅಲ್ಲಿಯೇ ಪಡೆದುಕೊಳ್ಳತಕ್ಕದ್ದು.