ರಕ್ತದ ರಿಪೋರ್ಟಿನಲ್ಲಿರುವ ಸಕ್ಕರೆ

ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳಲ್ಲಿ ‘ಸಿಎ 19-9’ ಎಂಬ ರಕ್ತಪರೀಕ್ಷೆಯ ಬಿಲ್ಲನ್ನು ಆಗಾಗ ನೋಡುತ್ತೇನೆ. ಇದರಿಂದಲೇ ಕ್ಯಾನ್ಸರ್ ತಿಳಿಯುವುದಾದರೆ ದುಬಾರಿ ಸ್ಕ್ಯಾನಿಗೆ ಹಣವೇಕೆ ಎಂದು ದಾನಿಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಬಿ.ಕಾಂ. ಓದಿದ ನನಗೆ ತಿಳಿದಷ್ಟು ಹೇಳುತ್ತೇನೆ.

ನಮ್ಮ ಜೀವಕೋಶಗಳು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ಸಣ್ಣ ಚೀಲಗಳನ್ನು ಸದಾ ಹೊರಬಿಡುತ್ತಿರುತ್ತವೆ. ಒಂದು ಕೋಶ ಇನ್ನೊಂದಕ್ಕೆ ಕಳಿಸುವ ಲಕೋಟೆ ಎನ್ನಿ. ಅದರ ಮೈಮೇಲೆ ಸಕ್ಕರೆಯ ಸರಪಳಿಗಳಿರುತ್ತವೆ (ಮಧುಮೇಹದವರು ಗಾಬರಿಯಾಗಬೇಡಿ, ಇದು ಕಾಫಿಯ ಸಕ್ಕರೆಯಲ್ಲ). ಯಾವ ಕೋಶ ಲಕೋಟೆಯನ್ನು ಒಳಗೆ ತೆಗೆದುಕೊಳ್ಳುತ್ತದೆ ಎಂಬುದರಲ್ಲಿ ಇವುಗಳ ಪಾತ್ರವಿದೆ. ಕ್ಯಾನ್ಸರ್ ಬಂದಾಗ ಸರಪಳಿಗಳು ಬದಲಾಗುತ್ತವೆ. ಸಿಎ 19-9 ಅಂಥದೊಂದು ಸಕ್ಕರೆಯ ಗುರುತು. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಏರುತ್ತದೆ. ಆ ಚೀಲಗಳ ಮೇಲೂ ಸಿಗುತ್ತದೆ.

ಆದರೆ ಪಿತ್ತನಾಳ ಕಟ್ಟಿ ಕಾಮಾಲೆಯಾದರೂ ಅದು ಏರಬಹುದು. ಇನ್ನು ನೂರಕ್ಕೆ ಸುಮಾರು 5ರಿಂದ 10 ಜನರ ದೇಹ ಹುಟ್ಟಿನಿಂದಲೇ ಆ ಸಕ್ಕರೆಯನ್ನು ತಯಾರಿಸುವುದಿಲ್ಲ. ಅಂಥವರಿಗೆ ಕ್ಯಾನ್ಸರ್ ಇದ್ದರೂ ಅಂಕಿ ಏರದು. ಅವರ ಪಾಲಿಗೆ ‘ನಾರ್ಮಲ್’ ಎಂಬ ರಿಪೋರ್ಟು ಅಪಾಯಕಾರಿ. ಚೀಲಗಳನ್ನೇ ಹಿಡಿದು ಅವುಗಳ ಸಕ್ಕರೆ ಓದುವ ವಿಧಾನಗಳು ಇನ್ನೂ ಸಂಶೋಧನೆಯ ಹಂತದಲ್ಲಿವೆ. ಅಲ್ಲಿಯವರೆಗೆ ಸ್ಕ್ಯಾನ್ ಮತ್ತು ಬಯಾಪ್ಸಿಯ ಬಿಲ್ಲುಗಳನ್ನು ಮಂಜೂರು ಮಾಡಲೇಬೇಕು. ನೀವು ಕಳಿಸುವ ಹಣದಿಂದಲೇ ಅವನ್ನು ಪಾವತಿಸುತ್ತೇವೆ.