ಹಾಸಿಗೆಯ ಸಾಲ

ಕಾಯಿಲೆ ಬಿದ್ದಾಗ ಮಲಗುವುದು ದೇಹದ ಸಹಜಧರ್ಮ. ಮಲಗಿಸುವುದು ಮನೆಯವರ ವಾತ್ಸಲ್ಯ. ಭೀಮಾತೀರದ ಮಣ್ಣೂರಿನಂಥ ಒಕ್ಕಲುತನದ ಊರಿನಲ್ಲಿ, ರಾಶಿಯ ದಿನಗಳಲ್ಲಿ ತೊಗರಿಯ ಚೀಲಗಳನ್ನು ಲೀಲೆಯಿಂದ ಹೊರುವ ತರುಣನೊಬ್ಬನು ಜ್ವರದಿಂದ ಒಂದು ವಾರ ಹಾಸಿಗೆ ಹಿಡಿದನೆನ್ನಿ. ಜ್ವರ ಬಿಟ್ಟ ಮೇಲೆ ಎದ್ದು ನಿಂತರೆ ತೊಡೆ ನಡುಗುತ್ತದೆ. ಗುಡಿಯ ನಾಲ್ಕು ಮೆಟ್ಟಿಲು ಬೆಟ್ಟವಾಗುತ್ತದೆ. “ಜ್ವರ ಮೈಯೆಲ್ಲ ಹಿಂಡಿ ಹಾಕ್ಯಾದ, ಇನ್ನೂ ನಾಕ ದಿನ ಮಲ್ಕೋ ತಮ್ಮಾ” ಎಂದು ಹಿರಿಯರು ಹೇಳುತ್ತಾರೆ. ಆದರೆ ಈ ನಿಶ್ಶಕ್ತಿಯೆಲ್ಲವನ್ನೂ ಜ್ವರದ ಲೆಕ್ಕಕ್ಕೆ ಬರೆಯುವುದು ನ್ಯಾಯವೇ?

ಜ್ವರವೇ ಇಲ್ಲದೆ ಬರಿಯ ಹಾಸಿಗೆ ಏನು ಮಾಡಬಲ್ಲದೆಂಬುದನ್ನು ನೆದರ್ಲೆಂಡ್ಸ್ ದೇಶದ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಅಳೆದು ನೋಡಿದ್ದಾರೆ. ಆರೋಗ್ಯವಂತರಾದ ಹತ್ತು ಮಂದಿ ತರುಣರನ್ನು ಅವರು ಏಳು ದಿನ ಹಾಸಿಗೆಯಿಂದೇಳದಂತೆ ಮಲಗಿಸಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕೊಬ್ಬನ್ನು ಬಿಟ್ಟು ಉಳಿದ ಮೈತೂಕದಲ್ಲಿ ಸರಾಸರಿ 1.4 ಕಿಲೋಗ್ರಾಂ ಕರಗಿತ್ತು. ತೊಡೆಯ ಮುಂಭಾಗದ ಸ್ನಾಯುವಿನ ಅಡ್ಡಕೊಯ್ತದ ಅಳತೆ ಶೇಕಡಾ 3.2ರಷ್ಟು ಕುಗ್ಗಿತ್ತು. ಇನ್ಸುಲಿನ್ನಿಗೆ ಓಗೊಡುವ ದೇಹದ ಗುಣವೂ ಶೇಕಡಾ 29ರಷ್ಟು ತಗ್ಗಿತ್ತು. ಅಲ್ಲಿಯವರೇ 2014ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ತರುಣರ ಒಂದು ಕಾಲಿಗೆ ಪಟ್ಟು ಹಾಕಿ ಅಲುಗಾಡದಂತೆ ಕಟ್ಟಿದಾಗ, ಐದೇ ದಿನಗಳಲ್ಲಿ ಆ ತೊಡೆಯ ಸ್ನಾಯು ಶೇಕಡಾ 3.5ರಷ್ಟು ಸವೆದು, ಬಲ ಶೇಕಡಾ 9ರಷ್ಟು ಇಳಿಯಿತು. ಕಣ್ಣಿಗೆ ಕಾಲು ಮೊದಲಿನಂತೆಯೇ ತೋರುತ್ತಿರುವಾಗಲೇ ಬಲವು ಜಾರಿಹೋಗಿರುತ್ತದೆ!

ಇದಕ್ಕೆ ಕಾರಣವೇನು? ಸ್ನಾಯುವು ದಿನವೂ ಸವೆಯುತ್ತ, ದಿನವೂ ತನ್ನನ್ನು ಕಟ್ಟಿಕೊಳ್ಳುತ್ತಿರುತ್ತದೆ. ಭೂಮಿಯ ಸೆಳೆತಕ್ಕೆದುರಾಗಿ ನಿಲ್ಲುವ, ನಡೆಯುವ ಶ್ರಮವೇ ಆ ಕಟ್ಟಡಕ್ಕೆ ಅಪ್ಪಣೆ. ಮಲಗಿದವನಿಗೆ ಆ ಅಪ್ಪಣೆ ತಪ್ಪುತ್ತದೆ. ಉಂಡ ಅನ್ನದ ಪ್ರೋಟೀನನ್ನೂ ಸ್ನಾಯು ಮೊದಲಿನಷ್ಟು ಬಳಸಿಕೊಳ್ಳಲಾರದು. ಮೈಭಾರವನ್ನು ಹೊರುವ ಕಾಲುಗಳೇ ಮೊದಲು ಸೊರಗುತ್ತವೆ. ಭಾರವೇ ಇಲ್ಲದ ಅಂತರಿಕ್ಷದಲ್ಲಿ ಯಾತ್ರಿಗಳಿಗೊದಗುವ ಕಷ್ಟವೂ ಇದೇ. ಆದಕಾರಣವೇ 2025ರಲ್ಲಿ ಶುಭಾಂಶು ಶುಕ್ಲಾ ಅವರು ಅಂತರಿಕ್ಷ ನಿಲ್ದಾಣಕ್ಕೆ ಹೋದಾಗ, ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆ ರೂಪಿಸಿದ ಸ್ನಾಯುಕೋಶಗಳ ಪ್ರಯೋಗವೊಂದನ್ನು ಅಲ್ಲಿ ನಡೆಸಿದರು.

ತರುಣನ ಸಾಲ ತೀರದ ಸಾಲವಲ್ಲವೆಂಬುದೇ ಸಮಾಧಾನ. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಇಪ್ಪತ್ತು ವರ್ಷದ ಐವರನ್ನು ಮೂರು ವಾರ ಮಲಗಿಸಿದಾಗ ಕುಸಿದ ದಮ್ಮು, ಮುಂದಿನ ಸುಮಾರು ಎಂಟು ವಾರಗಳ ವ್ಯಾಯಾಮದಿಂದ ಮರಳಿ ಬಂದಿತು. 

ವಿಶ್ರಾಂತಿ ಬೇಡವೆಂದು ಇದರ ಅರ್ಥವಲ್ಲ. ಎಷ್ಟು ದಿನ ಮಲಗಬೇಕೆಂದು ವೈದ್ಯರನ್ನು ಕೇಳುವವರು, ಎಂದು ಏಳಬಹುದೆಂದೂ ಕೇಳಬೇಕು. ಅವರು ಒಪ್ಪಿದ ದಿನವೇ ಹಾಸಿಗೆಯ ಅಂಚಿನಲ್ಲಿ ಕುಳಿತು ಕಾಲಾಡಿಸಲಿ. ಮರುದಿನ ಅಂಗಳದವರೆಗೆ ನಡೆಯಲಿ. ರೊಟ್ಟಿಯೊಡನೆ ನಮ್ಮ ಕಲಬುರಗಿಯ ತೊಗರಿಬೇಳೆ ಧಾರಾಳವಾಗಿರಲಿ. ಎದ್ದ ಮೊದಲ ದಿನವೇ ಚೀಲಕ್ಕೆ ಹೆಗಲು ಕೊಡುವುದು ಸಾಹಸವಲ್ಲ, ಅವಿವೇಕ. ಚೀಲ ಎರಡು ವಾರ ಕಾಯಲಿ.